ಕುದುರೆಯ ಮುಖ ಊದಿದಾಗ: ಸೂಜಿ ಚುಚ್ಚುವ ಮೊದಲು ನೋಡಬೇಕಾದ್ದು

"ನಿನ್ನೆ ಒಂದು ಇಂಜೆಕ್ಷನ್ ಹಾಕಿಸಿದ್ವಿ ಸಾರ್, ಸ್ವಲ್ಪ ಇಳೀತು. ಇವತ್ತು ಮತ್ತೆ ಊದ್ಕೊಂಡಿದೆ." ಕುದುರೆಯ ಮುಖ ಊದಿದೆ ಎಂದು ಬರುವ ಫೋನುಗಳಲ್ಲಿ ಎಷ್ಟೋ ಸಲ ಎರಡನೇ ಮಾತೇ ಇದಾಗಿರುತ್ತದೆ. ಯಾವ ಇಂಜೆಕ್ಷನ್ ಎಂದು ಕೇಳಿದರೆ ಗೊತ್ತಿರುವುದಿಲ್ಲ. ಸಾಮಾನ್ಯವಾಗಿ ಒಂದು ಸ್ಟೀರಾಯ್ಡ್, ಜೊತೆಗೆ ಒಂದು ಆಂಟಿಬಯೋಟಿಕ್ ಹೋಗಿರುತ್ತದೆ. ನಾವು ಹೋಗಿ ನೋಡುವಷ್ಟರಲ್ಲಿ ಜ್ವರ ಇತ್ತೋ ಇಲ್ಲವೋ, ಬಾವು ಬಿಸಿಯಿತ್ತೋ ತಣ್ಣಗಿತ್ತೋ, ಮೂಗಿನಿಂದ ಏನು ಸೋರುತ್ತಿತ್ತು ಎಂಬ ಸುಳಿವೆಲ್ಲ ಅಳಿಸಿಹೋಗಿರುತ್ತದೆ. ಕುದುರೆಗೆ ಸ್ಟೀರಾಯ್ಡ್ ಇನ್ನೊಂದು ಅಪಾಯವನ್ನೂ ತರಬಲ್ಲದು. ಗೊರಸಿನೊಳಗೆ ಉರಿಯೂತವಾಗಿ ನಿಲ್ಲಲಾರದ ಸ್ಥಿತಿಗೆ ಬಂದರೆ ಮುಖದ ಊತ ಅದರ ಮುಂದೆ ಏನೂ ಅಲ್ಲ ಎನಿಸುತ್ತದೆ.

ನಾನು ಮೈಸೂರಿನ ಸುತ್ತಮುತ್ತ ಟಾಂಗಾ ಕುದುರೆ, ಮೆರವಣಿಗೆ ಕುದುರೆ, ಸವಾರಿ ಕಲಿಸುವ ಲಾಯಗಳ ಕುದುರೆಗಳನ್ನು ನೋಡುತ್ತಾ ಬಂದ ಪಶುವೈದ್ಯ. ಇದನ್ನು ಬರೆಯುತ್ತಿರುವುದು ಕುದುರೆ ಸಾಕಿದವರಿಗೆ, ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸ್‌ಗಳಿಗೆ, ದಿನವೂ ಹಸು ಎಮ್ಮೆ ನೋಡುತ್ತಾ ಅಪರೂಪಕ್ಕೊಮ್ಮೆ ಕುದುರೆಯ ಮುಂದೆ ನಿಲ್ಲಬೇಕಾಗುವ ಕಿರಿಯ ವೈದ್ಯರಿಗೆ. ಮುಖದ ಊತ ಒಂದು ಕಾಯಿಲೆಯ ಹೆಸರಲ್ಲ. ಕುದುರೆಯ ಮುಖದಲ್ಲಿ ತೆಳುವಾದ ಚರ್ಮದ ಕೆಳಗೆ ಉದ್ದುದ್ದ ಹಲ್ಲಿನ ಬೇರುಗಳಿವೆ, ಗಾಳಿ ತುಂಬಿದ ಮೂಳೆಯ ಕೋಣೆಗಳಿವೆ, ಜೊಲ್ಲಿನ ಗ್ರಂಥಿ, ಹಾಲ್ರಸದ (ಲಿಂಫ್) ಗ್ರಂಥಿ, ದಪ್ಪ ಸ್ನಾಯು ಎಲ್ಲವೂ ಇವೆ. ಒಂದೊಂದೂ ತನ್ನದೇ ಜಾಗದಲ್ಲಿ, ತನ್ನದೇ ರೀತಿಯಲ್ಲಿ ಊದುತ್ತದೆ. ಹತ್ತು ನಿಮಿಷ ಕೈಯಾಡಿಸಿ ನೋಡಿದರೆ ಮುಕ್ಕಾಲು ದಾರಿ ತಾನಾಗಿ ತಿಳಿಯುತ್ತದೆ. ಒಂದು ಸಂದರ್ಭದಲ್ಲಿ ಮಾತ್ರ ಆ ಹತ್ತು ನಿಮಿಷವೂ ಕೈಯಲ್ಲಿ ಇರುವುದಿಲ್ಲ. ಅದರಿಂದಲೇ ಶುರು ಮಾಡುತ್ತೇನೆ.

ಮೊದಲು ಉಸಿರು

ನಾಯಿ ಬಾಯಿ ತೆರೆದು ಏದುಸಿರು ಬಿಡುತ್ತದೆ, ಹಸುವೂ ಕಷ್ಟಕ್ಕೆ ಬಾಯಿಂದ ಉಸಿರಾಡುತ್ತದೆ. ಕುದುರೆಗೆ ಅದು ಸಾಧ್ಯವಿಲ್ಲ. ಅದರ ಅಂಗುಳದ ಹಿಂಬದಿಯ ಮೆತ್ತನೆಯ ಭಾಗ ಎಷ್ಟು ಉದ್ದ ಎಂದರೆ ಬಾಯಿಗೂ ಉಸಿರುನಾಳಕ್ಕೂ ನಡುವೆ ಪರದೆಯಂತೆ ಮುಚ್ಚಿಕೊಂಡಿರುತ್ತದೆ. ಎರಡು ಹೊಳ್ಳೆ ಮುಚ್ಚಿದವೆಂದರೆ ಕುದುರೆಯ ಉಸಿರೇ ನಿಂತ ಹಾಗೆ. ಆದ್ದರಿಂದ ಊತ ಮೂತಿಯಲ್ಲಿದ್ದರೆ, ಹೊಳ್ಳೆಗಳ ಅಂಚು ದಪ್ಪವಾಗುತ್ತಿದ್ದರೆ, ಉಸಿರಿನ ಜೊತೆ ಗೊರಗೊರ ಸದ್ದು ಬರುತ್ತಿದ್ದರೆ ಉಳಿದೆಲ್ಲ ಪರೀಕ್ಷೆ ಆಮೇಲೆ.

ಹೀಗೆ ಗಂಟೆಗಳೊಳಗೆ ಮೂತಿ ಊದಲು ಮುಖ್ಯ ಕಾರಣ ಎರಡು. ಹುಲ್ಲಿಗೆ ಮೂತಿ ಹಾಕಿದಾಗ ಹಾವು ಕಚ್ಚಿರುತ್ತದೆ, ಇಲ್ಲವೇ ಹೆಜ್ಜೇನೋ ಕಡಜವೋ ಮುತ್ತಿರುತ್ತದೆ. ಜೇನು ಕಡಿದಿದ್ದರೆ ರೆಪ್ಪೆ, ತುಟಿ, ಕಿವಿಯ ಬುಡ ಎಲ್ಲ ಒಟ್ಟಿಗೆ ಊದಿ, ಮೈಮೇಲೂ ದದ್ದು ಏಳುತ್ತದೆ. ರೋಮದ ನಡುವೆ ಮುಳ್ಳುಗಳು ಸಿಗುತ್ತವೆ. ಕೊಳಕು ಮಂಡಲ ಕಚ್ಚಿದ್ದರೆ ಊತ ಒಂದು ಕಡೆಯಿಂದ ಶುರುವಾಗಿ ಮೇಲೇರುತ್ತದೆ, ನೋವು ವಿಪರೀತ, ಕಚ್ಚಿದ ಜಾಗದಿಂದ ಹೆಪ್ಪುಗಟ್ಟದ ರಕ್ತ ಒಸರುತ್ತದೆ. ಹಲ್ಲಿನ ಗುರುತು ಕಾಣಲೇಬೇಕೆಂದಿಲ್ಲ. ಮೂತಿಯ ಊತದಲ್ಲಿ ಅದು ಹುದುಗಿಹೋಗುತ್ತದೆ.

ವೈದ್ಯರು ಬರುವವರೆಗೆ ಮಾಡಬೇಕಾದ್ದು ಒಂದೇ: ಗಾಳಿಯ ದಾರಿ ಮುಚ್ಚಲು ಬಿಡಬಾರದು. 20 ಮಿಲಿಲೀಟರ್ ಸಿರಿಂಜಿನ ಹೊರಕೊಳವೆ ತೆಗೆದುಕೊಂಡು, ಅದರ ಸೂಜಿ ಸಿಕ್ಕಿಸುವ ತುದಿ ಕತ್ತರಿಸಿ, ಅಂಚು ಚುಚ್ಚದಂತೆ ನಯಮಾಡಿ, ಎಣ್ಣೆ ಸವರಿ, ಪ್ರತಿ ಹೊಳ್ಳೆಗೂ ಒಂದೊಂದು ಮೆಲ್ಲನೆ ತೂರಿಸಿ. ಒಂದು ಗೇಣಿಗಿಂತ ಕಡಿಮೆ ಉದ್ದದ ಮೆತ್ತನೆಯ ನೀರಿನ ಪೈಪಿನ ತುಂಡೂ ಆಗುತ್ತದೆ. ಒಳಗೆ ಜಾರಿಹೋಗದಂತೆ ಟೇಪಿನಿಂದ ಹಾಲ್ಟರ್‌ಗೆ, ಅಂದರೆ ತಲೆಗೆ ಕಟ್ಟಿದ ಪಟ್ಟಿಗೆ, ಬಿಗಿಯಿರಿ. ಇದನ್ನು ಹೊಳ್ಳೆ ಇನ್ನೂ ತೆರೆದಿರುವಾಗಲೇ ಮಾಡಬೇಕು. ಪೂರ್ತಿ ಊದಿದ ಮೇಲೆ ಕೊಳವೆ ತೂರಿಸುವುದು ಆಗದ ಕೆಲಸ. ಕಚ್ಚಿದ ಜಾಗ ಕುಯ್ಯುವುದು, ಸುಡುವುದು, ಐಸ್ ಇಡುವುದು ಬೇಡ. ಕುದುರೆಯನ್ನು ನಡೆಸಬೇಡಿ. ಮುಖ ಮತ್ತಷ್ಟು ಊದುತ್ತದೆ, ಹಾಲ್ಟರ್ ಮೊದಲೇ ಸಡಿಲ ಮಾಡಿ. ಚರ್ಮಕ್ಕೆ ಕಚ್ಚಿಕೊಂಡ ಪಟ್ಟಿಯಿಂದ ಮೂಗಿನ ಮೇಲೆ ಹುಣ್ಣಾದ ಕುದುರೆಗಳನ್ನು ನೋಡಿದ್ದೇನೆ.

ನಾಗರಹಾವು, ಕಟ್ಟುಹಾವು, ಕೊಳಕು ಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ನಮ್ಮಲ್ಲಿ ಒಂದೇ ಪ್ರತಿವಿಷ ಸಿಗುತ್ತದೆ, ಅದನ್ನೇ ಕುದುರೆಗೂ ಕೊಡುವುದು. ಆ ಸೀಸೆ ಕೈಗೆ ತೆಗೆದುಕೊಂಡಾಗಲೆಲ್ಲ ನನಗೆ ಒಂದು ಮಾತು ನೆನಪಾಗುತ್ತದೆ. ಆ ಪ್ರತಿವಿಷ ತಯಾರಾಗುವುದೂ ಕುದುರೆಯ ರಕ್ತದಿಂದಲೇ. ಸಣ್ಣ ಸಣ್ಣ ಪ್ರಮಾಣದಲ್ಲಿ ವಿಷ ತಗೊಂಡು ತಡೆದುಕೊಂಡ ಯಾವುದೋ ಕುದುರೆ, ಹೊಲದಲ್ಲಿ ಕಚ್ಚಿಸಿಕೊಂಡ ರೈತನನ್ನೂ ಉಳಿಸುತ್ತದೆ, ತನ್ನ ಕುಲದ್ದನ್ನೂ ಉಳಿಸುತ್ತದೆ.

ಥರ್ಮಾಮೀಟರ್, ಆಮೇಲೆ ಕೈ

ಉಸಿರು ಸರಿಯಿದ್ದರೆ ಮೊದಲು ಜ್ವರ ನೋಡಿ. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟಾಗ ದೊಡ್ಡ ಕುದುರೆಗೆ 99.5ರಿಂದ 101.5 ಡಿಗ್ರಿ ಫ್ಯಾರನ್‌ಹೀಟ್ ಸಹಜ. ಗಾಡಿ ಎಳೆದು ಬಂದಿದ್ದರೆ, ಬಿಸಿಲಲ್ಲಿ ನಿಂತಿದ್ದರೆ ನೆರಳಲ್ಲಿ ಅರ್ಧ ಗಂಟೆ ಬಿಟ್ಟು ನೋಡಿ. ನಾಡಿ ಹಿಡಿಯಲು ಕೆಳದವಡೆಯ ಒಳಅಂಚಿಗೆ ಬೆರಳಿಡಿ, ಅಲ್ಲಿ ರಕ್ತನಾಳ ಸಣ್ಣ ಹುರಿಯಂತೆ ಬೆರಳ ಕೆಳಗೆ ಉರುಳುತ್ತದೆ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44. ಈ ಎರಡು ಸಂಖ್ಯೆ ಬರೆದಿಟ್ಟುಕೊಳ್ಳಿ, ದಿನಾಂಕ ಹೊತ್ತು ಸಮೇತ. ಮುಂದೆ ಯಾವ ವೈದ್ಯರು ಬಂದರೂ ಮೊದಲು ಕೇಳುವುದು ಇದನ್ನೇ.

ಆಮೇಲೆ ಕುದುರೆಯ ಎದುರು ನೇರವಾಗಿ ನಿಲ್ಲಿ. ಎಡಕ್ಕೂ ಬಲಕ್ಕೂ ಹೋಲಿಸಿ ನೋಡಿ: ಕಣ್ಣು, ಕೆನ್ನೆ, ಹೊಳ್ಳೆಯ ಆಕಾರ. ಎರಡು ಹೊಳ್ಳೆಗೂ ಅಂಗೈ ಒಡ್ಡಿ, ಗಾಳಿ ಸಮನಾಗಿ ಬರುತ್ತಿದೆಯೇ ನೋಡಿ. ಒಂದೊಂದನ್ನೂ ಮೂಸಿ. ಇದು ನಾಚಿಕೊಳ್ಳುವ ವಿಷಯವಲ್ಲ; ಕೊಳೆತ ಹಲ್ಲಿನ ನಾತ ಒಮ್ಮೆ ಗೊತ್ತಾದರೆ ಎಕ್ಸ್‌ರೇಗಿಂತ ಮೊದಲೇ ಅದು ಉತ್ತರ ಹೇಳುತ್ತದೆ. ಆದರೆ ಹೊಳ್ಳೆಯೊಳಗೆ ಹುಣ್ಣು ಕಂಡರೆ ಮೂಸಬೇಡಿ, ಕೈಗವಸು ಇಲ್ಲದೆ ಮುಟ್ಟಲೂ ಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಈಗ ಊತವನ್ನು ಹೆಬ್ಬೆರಳಿನಿಂದ ಹತ್ತು ಎಣಿಸುವವರೆಗೆ ಒತ್ತಿ ಬಿಡಿ. ರಾಗಿಮುದ್ದೆಗೆ ಬೆರಳಿಟ್ಟ ಹಾಗೆ ಗುಳಿ ಉಳಿದರೆ ಅದು ಚರ್ಮದ ಕೆಳಗೆ ನಿಂತ ನೀರು. ಕಡಿತ, ಅಲರ್ಜಿ, ರಕ್ತನಾಳದ ಉರಿಯೂತ, ತುಂಬಾ ಹೊತ್ತು ತಲೆ ತಗ್ಗಿಸಿ ನಿಂತದ್ದು ಇವೆಲ್ಲ ಹೀಗೆ ಕಾಣಿಸುತ್ತವೆ. ಮಂಡಕ್ಕಿ ಪೊಟ್ಟಣ ಒತ್ತಿದ ಹಾಗೆ ಚರಚರ ಎಂದರೆ ಚರ್ಮದ ಕೆಳಗೆ ಗಾಳಿ ಸೇರಿದೆ. ಒದೆ ತಿಂದೋ ಗೋಡೆಗೆ ಹೊಡೆದುಕೊಂಡೋ ಮೂಗಿನ ಮೂಳೆ ಒಡೆದಿರಬಹುದು. ಬಿಸಿಯಾಗಿ, ಮುಟ್ಟಿದರೆ ತಲೆ ಎಳೆದುಕೊಂಡರೆ ಕೀವಿನ ಅನುಮಾನ. ಕಲ್ಲಿನಂತೆ ಗಟ್ಟಿ, ತಣ್ಣಗೆ, ಒತ್ತಿದರೂ ಸುಮ್ಮನಿದ್ದರೆ ಮೂಳೆಯೇ ಊದಿದೆ.

ಕೆನ್ನೆಯ ಹೊರಗಿನಿಂದ ಒತ್ತಿದಾಗ ಊತ ಒಳಗೆ ಜರುಗಿತು ಎಂದರೆ ಬೆಚ್ಚಿಬೀಳಬೇಡಿ. ಅದು ಹಲ್ಲು ಮತ್ತು ಕೆನ್ನೆಯ ನಡುವೆ ಸಿಕ್ಕಿಕೊಂಡ ಮೇವಿನ ಉಂಡೆ. ಉಂಡೆ ತೆಗೆದರೆ ಊತ ಹೋಗುತ್ತದೆ, ಆದರೆ ಅದು ಅಲ್ಲಿ ಕೂತದ್ದು ಯಾಕೆ ಎಂಬುದಕ್ಕೆ ಹಲ್ಲು ನೋಡಲೇಬೇಕು. ಹಲ್ಲು ನೋಯುವ ಕುದುರೆ ಅರ್ಧ ಜಗಿದ ಹುಲ್ಲನ್ನು ಉಂಡೆಗಟ್ಟಿ ಉಗುಳುತ್ತದೆ. ಗೋದಲಿಯ ಕೆಳಗೆ ಅಂಥ ಹಸಿರು ಉಂಡೆಗಳು ಬಿದ್ದಿವೆಯೇ ಎಂದು ಸೈಸ್‌ನನ್ನು ಕೇಳಿ. ಮಾಲೀಕರಿಗೆ ಗೊತ್ತಿಲ್ಲದ್ದು ಅವರಿಗೆ ಗೊತ್ತಿರುತ್ತದೆ.

ದವಡೆಯ ಕೆಳಗೆ ಗಂಟು, ಜೊತೆಗೆ ಜ್ವರ

ಎರಡು ದವಡೆಗಳ ನಡುವೆ, ಗಂಟಲ ಬಳಿ ಊತ. ಜ್ವರ 103ರ ಮೇಲೆ. ಕುದುರೆ ಮಂಕಾಗಿದೆ, ನೀರು ಕುಡಿಯಲು ಕತ್ತು ಚಾಚುತ್ತದೆ, ಎರಡೂ ಹೊಳ್ಳೆಯಿಂದ ಹಳದಿ ಸಿಂಬಳ. ವಯಸ್ಸು ಐದರೊಳಗೆ, ಮೂರು ವಾರದೊಳಗೆ ಹೊಸ ಕುದುರೆಯೊಂದು ಲಾಯಕ್ಕೆ ಬಂದಿದೆ. ಇಷ್ಟು ಕೂಡಿದರೆ ಸ್ಟ್ರಾಂಗಲ್ಸ್ ಎಂದೇ ಹಿಡಿದು ನಡೆಯಿರಿ, ಪ್ರಯೋಗಾಲಯದ ಉತ್ತರ ಆಮೇಲೆ ಬರಲಿ. ಸ್ಟ್ರೆಪ್ಟೋಕಾಕಸ್ ಈಕ್ವೈ ಎಂಬ ಬ್ಯಾಕ್ಟೀರಿಯಾ ಗ್ರಂಥಿಗಳಲ್ಲಿ ಕೀವು ತುಂಬಿಸುತ್ತದೆ. ಗಂಟಲಿನ ಗ್ರಂಥಿ ದೊಡ್ಡದಾದರೆ ಉಸಿರೇ ಬಿಗಿಯುತ್ತದೆ.

ಇಲ್ಲಿ ತಪ್ಪು ನಡೆಯುವುದು ಆತುರದಿಂದ. ಗ್ರಂಥಿ ಆಗಲೇ ಊದಿದ ಮೇಲೆ ಆಂಟಿಬಯೋಟಿಕ್ ಶುರು ಮಾಡಿದರೆ ಕೀವು ಹಣ್ಣಾಗುವುದು ನಿಧಾನವಾಗುತ್ತದೆ, ಔಷಧಿ ನಿಂತ ಕೂಡಲೇ ಮತ್ತೆ ಏಳುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯ ಶಾಖ ದಿನಕ್ಕೆ ಮೂರು ನಾಲ್ಕು ಸಲ ಕೊಡಿ, ಮೆತ್ತಗಿನ ಮೇವು ಕೊಡಿ, ಒಂದೆರಡು ವಾರದಲ್ಲಿ ಅದು ಹಣ್ಣಾಗಿ ಒಡೆಯುತ್ತದೆ. ಚರ್ಮ ತೆಳುವಾಗಿ ಮೆತ್ತಗಾದ ಕಡೆ ವೈದ್ಯರು ಸೀಳಿದರೆ ಇನ್ನೂ ಒಳ್ಳೆಯದು. ಗಟ್ಟಿಯಿದ್ದಾಗಲೇ ಬ್ಲೇಡ್ ಹಾಕಬೇಡಿ. ಕೀವು ಇಳಿದ ದಿನ ಸಂಜೆಗೇ ಕುದುರೆ ಮೇವಿಗೆ ಬಾಯಿ ಹಾಕುವುದನ್ನು ನೋಡಿದರೆ ಕಾದದ್ದು ಸಾರ್ಥಕ ಎನಿಸುತ್ತದೆ. ಉಸಿರು ಕಟ್ಟುತ್ತಿದ್ದರೆ, ಜ್ವರ ಇಳಿಯದಿದ್ದರೆ ಮಾತು ಬೇರೆ, ಅಲ್ಲಿ ಆಂಟಿಬಯೋಟಿಕ್ ಬೇಕೇ ಬೇಕು, ಕೆಲವೊಮ್ಮೆ ಕತ್ತಿನಲ್ಲಿ ಉಸಿರುನಾಳಕ್ಕೆ ರಂಧ್ರವನ್ನೂ ಮಾಡಬೇಕಾಗುತ್ತದೆ.

ಲಾಯದ ಉಳಿದ ಕುದುರೆಗಳಿಗೆ ದಿನಕ್ಕೆ ಎರಡು ಸಲ ಥರ್ಮಾಮೀಟರ್ ಇಡಿ. ಈ ರೋಗದಲ್ಲಿ ಜ್ವರ ಮೊದಲು ಬರುತ್ತದೆ, ಸೋಂಕು ಹರಡುವುದು ಒಂದೆರಡು ದಿನ ಬಿಟ್ಟು. ಜ್ವರ ಕಂಡ ದಿನವೇ ಬೇರೆ ಕಟ್ಟಿದರೆ ಉಳಿದವು ಬಚಾವಾಗುತ್ತವೆ. ಬಕೆಟ್, ಬ್ರಷ್, ಕಡಿವಾಣ ಎಲ್ಲ ಬೇರೆ. ಒಂದೇ ನೀರಿನ ತೊಟ್ಟಿ ಇರುವ ಕಡೆ ಇದು ಹಬ್ಬುವುದು ಆ ತೊಟ್ಟಿಯಿಂದಲೇ. ವಾಸಿಯಾದಂತೆ ಕಾಣುವ ಕೆಲವು ಕುದುರೆಗಳು ಗಂಟಲಿನ ಹಿಂದಿರುವ ಗಾಳಿಚೀಲದಲ್ಲಿ ರೋಗಾಣುವನ್ನು ತಿಂಗಳುಗಟ್ಟಲೆ ಇಟ್ಟುಕೊಂಡಿರುತ್ತವೆ, ಆದ್ದರಿಂದ ಗುಂಪಿಗೆ ಬಿಡುವ ಮೊದಲು ಆ ಚೀಲ ತೊಳೆದ ನೀರಿನ ಪರೀಕ್ಷೆ ಮಾಡಿಸುವುದು ಸರಿ. ಎರಡರಿಂದ ನಾಲ್ಕು ವಾರದ ನಂತರ ಇದ್ದಕ್ಕಿದ್ದಂತೆ ತಲೆ, ಹೊಟ್ಟೆಯ ಕೆಳಭಾಗ, ನಾಲ್ಕೂ ಕಾಲು ಊದಿ ಗುಳಿ ಬೀಳತೊಡಗಿದರೆ ಅದು ರೋಗ ಮರುಕಳಿಸಿದ್ದಲ್ಲ, ರಕ್ತನಾಳಗಳ ಉರಿಯೂತ. ಸ್ಟೀರಾಯ್ಡ್ ನಿಜವಾಗಿ ಬೇಕಾದ ಸಂದರ್ಭ ಇದು, ಅದೂ ವೈದ್ಯರ ಕಣ್ಣೆದುರು.

ಗ್ಲ್ಯಾಂಡರ್ಸ್ ಅನುಮಾನ ಬಂದರೆ ಕೈ ತೆಗೆಯಿರಿ

ದವಡೆಯ ಕೆಳಗಿನ ಗಂಟು ಹಣ್ಣಾಗುವುದೂ ಇಲ್ಲ, ಒಡೆಯುವುದೂ ಇಲ್ಲ. ಅಡಿಕೆಯಂತೆ ಗಟ್ಟಿ, ಮೂಳೆಗೆ ಅಂಟಿದ ಹಾಗೆ, ಹೆಚ್ಚಾಗಿ ಒಂದೇ ಕಡೆ. ಹೊಳ್ಳೆಯಿಂದ ಅಂಟಂಟಾದ, ಕೆಲವೊಮ್ಮೆ ರಕ್ತ ಬೆರೆತ ಸ್ರಾವ. ಟಾರ್ಚ್ ಬಿಟ್ಟು ನೋಡಿದರೆ ಮೂಗಿನೊಳಗಿನ ತೆಳುಪೊರೆಯಲ್ಲಿ ಅಂಚು ಎದ್ದ ಹುಣ್ಣು, ಇಲ್ಲವೇ ವಾಸಿಯಾದ ಹುಣ್ಣು ಬಿಟ್ಟುಹೋದ ನಕ್ಷತ್ರದಾಕಾರದ ಕಲೆ. ಕಾಲಿನ ಅಥವಾ ಹೊಟ್ಟೆಯ ಮೇಲೆ ಮಣಿಸರದಂತೆ ಸಾಲುಗಟ್ಟಿದ ಗಂಟುಗಳಿದ್ದರೂ ಇರಬಹುದು. ಇಷ್ಟರಲ್ಲಿ ಎರಡು ಕಂಡರೂ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ.

ಈ ರೋಗ ಮನುಷ್ಯರಿಗೆ ಹರಡುತ್ತದೆ, ಜೀವವನ್ನೂ ತೆಗೆಯುತ್ತದೆ. ಕುದುರೆ, ಕತ್ತೆ, ಹೇಸರಗತ್ತೆಗಳ ಜೊತೆ ದಿನವಿಡೀ ಇರುವ ಬಡವರೇ ಇದಕ್ಕೆ ಮೊದಲು ಸಿಕ್ಕಿಬೀಳುವವರು. ಕೈತೊಳೆದುಕೊಂಡು, ಕುದುರೆಯನ್ನು ಬೇರೆ ಕಟ್ಟಿ, ಹತ್ತಿರದ ಪಶುಪಾಲನಾ ಇಲಾಖೆಯ ಆಸ್ಪತ್ರೆಗೆ ತಿಳಿಸಿ. ಪ್ರಾಣಿಗಳ ಸಾಂಕ್ರಾಮಿಕ ರೋಗಗಳ 2009ರ ಕಾಯ್ದೆಯಂತೆ ತಿಳಿಸುವುದು ಕಡ್ಡಾಯ. ರಕ್ತದ ಮಾದರಿ ಹರಿಯಾಣದ ಹಿಸಾರ್‌ನಲ್ಲಿರುವ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರದವರೆಗೆ ಹೋಗಿ ಖಚಿತವಾಗುತ್ತದೆ. ಖಚಿತವಾದರೆ ಚಿಕಿತ್ಸೆ ಇಲ್ಲ. ಕುದುರೆಯನ್ನು ನೋವಿಲ್ಲದಂತೆ ಕೊನೆಗಾಣಿಸಬೇಕು. ಮಾಲೀಕರಿಗೆ ಸರ್ಕಾರದ ಪರಿಹಾರ ಉಂಟು. ಇದನ್ನು ಹೇಳುವುದು ಸುಲಭವಲ್ಲ. ಮನೆಯ ಅನ್ನ ತರುವ ಪ್ರಾಣಿ ಅದು. ಆದರೂ ಗುಟ್ಟಾಗಿ ಇಂಜೆಕ್ಷನ್ ಹಾಕುತ್ತಾ ಹೋದರೆ ಮೇಲಿನ ಹುಣ್ಣು ಮಾಯುತ್ತದೆ, ರೋಗಾಣು ಒಳಗೇ ಉಳಿಯುತ್ತದೆ, ಆ ಕುದುರೆ ಮಾರಾಟವಾಗಿ ಇನ್ನೊಂದು ಊರಿಗೆ ಹೋಗುತ್ತದೆ. ಅಲ್ಲಿಯ ಮಕ್ಕಳ ಕೈಯೂ ಅದರ ಮೂತಿಗೆ ತಾಗುತ್ತದೆ.

ಕಣ್ಣಿನ ಕೆಳಗೆ, ಒಂದೇ ಕಡೆ

ಕಣ್ಣಿನ ಕೆಳಗಿನಿಂದ ಮೂಗಿನ ಕಡೆಗೆ ಚರ್ಮದ ಕೆಳಗೆ ಒಂದು ಮೂಳೆಯ ಏಣು ಓಡುತ್ತದೆ, ಕೈಗೆ ಚೆನ್ನಾಗಿ ಸಿಗುತ್ತದೆ. ಮುಖದ ನಕ್ಷೆ ಓದಲು ಅದೇ ನಮ್ಮ ರಸ್ತೆ. ಮೇಲ್ದವಡೆಯಲ್ಲಿ ಒಂದೊಂದು ಕಡೆ ಆರು ಅರೆಯುವ ಹಲ್ಲುಗಳಿವೆ. ಮುಂದಿನ ಎರಡರ ಬೇರುಗಳು ದವಡೆಯ ಮೂಳೆಯಲ್ಲೇ ಹೂತಿರುತ್ತವೆ. ಆ ಹಲ್ಲು ಕೆಟ್ಟರೆ ಏಣಿನ ಮುಂದೆ, ಮೂಗಿನ ಪಕ್ಕದಲ್ಲಿ ಗಟ್ಟಿಯಾದ ಊತ ಎದ್ದು, ಕೊನೆಗೆ ಚರ್ಮ ಒಡೆದು ಕೀವು ಬರುತ್ತದೆ. ಹಿಂದಿನ ಹಲ್ಲುಗಳ ಬೇರುಗಳು ಸೈನಸ್ ಎಂಬ ಗಾಳಿಕೋಣೆಯೊಳಗೆ ಚಾಚಿರುತ್ತವೆ. ಅವು ಕೆಟ್ಟರೆ ಕೀವು ಮೊದಲು ಆ ಕೋಣೆಯಲ್ಲಿ ತುಂಬಿ ಅದೇ ಕಡೆಯ ಹೊಳ್ಳೆಯಿಂದ ಸೋರುತ್ತದೆ, ಮುಖ ಊದುವುದು ಆಮೇಲೆ. ಶಾಶ್ವತ ಅರೆಯುವ ಹಲ್ಲುಗಳಲ್ಲಿ ನಾಲ್ಕನೆಯದು ಎಲ್ಲಕ್ಕಿಂತ ಮೊದಲು, ಒಂದು ವರ್ಷದ ಮರಿಗೇ ಹುಟ್ಟುವಂಥದ್ದು. ಹೆಚ್ಚಾಗಿ ಕೆಡುವುದೂ ಅದೇ.

ನೆನಪಿಡಬೇಕಾದ ಸೂತ್ರ ಒಂದುಂಟು: ಒಂದೇ ಹೊಳ್ಳೆಯಿಂದ ಸೋರಿದರೆ ಮೂಲ ಮೂಗಿನ ನಡುಗೋಡೆಯ ಆಚೆ ಅಥವಾ ಈಚೆ, ಅಂದರೆ ಸೈನಸ್, ಹಲ್ಲು. ಎರಡರಿಂದಲೂ ಸೋರಿದರೆ ಗೋಡೆ ಮುಗಿದ ಮೇಲೆ, ಗಂಟಲಲ್ಲೋ ಶ್ವಾಸಕೋಶದಲ್ಲೋ.

ಸೈನಸ್ ತುಂಬಿದೆಯೇ ಎಂದು ತಿಳಿಯಲು ತಟ್ಟಿ ನೋಡಬೇಕು. ಕುದುರೆಯ ಬಾಯಿಯ ಮೂಲೆಯಲ್ಲಿ, ಹಲ್ಲಿಲ್ಲದ ಜಾಗದಲ್ಲಿ ಹೆಬ್ಬೆರಳು ತೂರಿಸಿ ಬಾಯಿ ಸ್ವಲ್ಪ ತೆರೆಯುವ ಹಾಗೆ ಮಾಡಿ. ಇನ್ನೊಂದು ಕೈಯ ಮಧ್ಯದ ಬೆರಳಿನಿಂದ ಏಣಿನ ಮೇಲ್ಭಾಗದ ಮೂಳೆಯನ್ನು ತಟ್ಟಿ, ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುತ್ತೇವಲ್ಲ ಹಾಗೆ. ಖಾಲಿ ಕೋಣೆ ಟೊಣಟೊಣ ಎನ್ನುತ್ತದೆ, ಕೀವು ತುಂಬಿದ್ದು ದಬದಬ ಎನ್ನುತ್ತದೆ. ಮೊದಲು ಸರಿಯಿರುವ ಕಡೆ ತಟ್ಟಿ ಕಿವಿಯನ್ನು ಅಣಿಮಾಡಿಕೊಳ್ಳಿ. ಸದ್ದು ಎರಡೂ ಕಡೆ ಒಂದೇ ಆಗಿದ್ದರೂ ಸೈನಸ್ ಸರಿಯಿದೆ ಎಂದು ತೀರ್ಮಾನಿಸಬೇಡಿ. ಅರ್ಧ ತುಂಬಿದ್ದು ತಪ್ಪಿಸಿಕೊಳ್ಳುತ್ತದೆ.

ಸವಾರಿ ಲಾಯವೊಂದರ ಆರು ವರ್ಷದ ಕುದುರೆಯ ಬಲಹೊಳ್ಳೆ ತಿಂಗಳಿಗೊಮ್ಮೆ ಸೋರುತ್ತಿತ್ತು. ಐದು ದಿನ ಆಂಟಿಬಯೋಟಿಕ್ ಕೊಟ್ಟರೆ ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಹೀಗೆ ಏಳು ತಿಂಗಳು. ನಾನು ನೋಡಿದಾಗ ಬಲಗಣ್ಣಿನ ಕೆಳಗೆ ಸಣ್ಣ ಉಬ್ಬು, ಆ ಕಣ್ಣಿನಿಂದ ನೀರು, ಹತ್ತಿರ ಹೋದರೆ ತಡೆಯಲಾರದ ನಾತ. ಮಂಪರು ಬರಿಸಿ, ಬಾಯಿಗೆ ಚೌಕಟ್ಟು ಹಾಕಿ, ಕನ್ನಡಿ ಹಿಡಿದು ನೋಡಿದರೆ ನಾಲ್ಕನೆಯ ಹಲ್ಲಿನಲ್ಲಿ ಉದ್ದಕ್ಕೆ ಸೀಳು, ಸೀಳಿನಲ್ಲಿ ಕಪ್ಪಾದ ಹುಲ್ಲು. ಎಕ್ಸ್‌ರೇಯಲ್ಲಿ ಸೈನಸ್‌ನೊಳಗೆ ಕೀವಿನ ಮಟ್ಟ, ಲೋಟದಲ್ಲಿ ನೀರು ನಿಂತ ಹಾಗೆ ನೇರ ಗೆರೆ. ಆ ಹಲ್ಲು ಕೀಳುವವರೆಗೆ ಯಾವ ಔಷಧಿಯೂ ಫಲ ಕೊಡುವಂತಿರಲಿಲ್ಲ. ಪರಿಣತರು ಕುದುರೆಯನ್ನು ನಿಲ್ಲಿಸಿಕೊಂಡೇ ಬಾಯಿಯ ಮೂಲಕ ಕಿತ್ತರು, ಮುಖದ ಮೂಳೆಯಲ್ಲಿ ಸಣ್ಣ ರಂಧ್ರ ಮಾಡಿ ಕೊಳವೆಯಿಟ್ಟು ದಿನವೂ ಉಪ್ಪುನೀರಿನ ದ್ರಾವಣದಿಂದ ತೊಳೆದರು. ಆದ್ದರಿಂದ ಒಂದು ಮಾತು ಒತ್ತಿ ಹೇಳುತ್ತೇನೆ: ಒಂದೇ ಹೊಳ್ಳೆ ಎರಡನೇ ಸಲ ಸೋರಿತು ಎಂದರೆ ಮೂರನೇ ಸಲ ಆಂಟಿಬಯೋಟಿಕ್ ಬರೆಯುವ ಬದಲು ಬಾಯಿ ತೆರೆದು ನೋಡಿ.

ಹಲ್ಲು ಸರಿಯಿದ್ದು, ನಾತವಿಲ್ಲದೆ, ಮುಖ ನಿಧಾನವಾಗಿ ಉಬ್ಬುತ್ತಾ ಆ ಕಡೆಯ ಗಾಳಿ ಕಡಿಮೆಯಾಗುತ್ತಿದ್ದರೆ ಸೈನಸ್‌ನಲ್ಲಿ ನೀರುಗುಳ್ಳೆ ಅಥವಾ ಗೆಡ್ಡೆ ಬೆಳೆಯುತ್ತಿರಬಹುದು. ನೀರುಗುಳ್ಳೆಯಾದರೆ ಶಸ್ತ್ರಚಿಕಿತ್ಸೆಯಿಂದ ಚೆನ್ನಾಗಿ ವಾಸಿಯಾಗುತ್ತದೆ. ಗೆಡ್ಡೆಯ ಮಾತು ಅಷ್ಟು ಆಶಾದಾಯಕವಲ್ಲ.

ಗಾಬರಿ ಬೇಡದ ಕೆಲವು

ಮೂರು ನಾಲ್ಕು ವರ್ಷದ ಕುದುರೆಯ ಕೆಳದವಡೆಯ ಅಡಿಯಲ್ಲಿ ಎರಡೂ ಕಡೆ ಸಮನಾಗಿ, ನೋವಿಲ್ಲದ ಉಬ್ಬುಗಳು: ಹಾಲುಹಲ್ಲು ಬಿದ್ದು ಹೊಸ ಹಲ್ಲು ಏಳುತ್ತಿರುವ ಗುರುತು. ಬಿಟ್ಟುಬಿಡಿ, ವಯಸ್ಸಿನೊಂದಿಗೆ ಕರಗುತ್ತವೆ. ಒಂದು ಮಾತ್ರ ಬಿಸಿಯಾಗಿ ದೊಡ್ಡದಾದರೆ ತೋರಿಸಿ. ಹಗಲೆಲ್ಲ ಬಯಲಲ್ಲಿ ತಲೆ ತಗ್ಗಿಸಿ ಮೇಯ್ದು ಬಂದಾಗ ಕಿವಿಯ ಕೆಳಗೆ ಎರಡೂ ಕಡೆ ಜೊಲ್ಲುಗ್ರಂಥಿ ಉಬ್ಬಿ, ಬೆಳಗಾಗುವಷ್ಟರಲ್ಲಿ ಇಳಿದಿದ್ದರೆ ಅದಕ್ಕೂ ಚಿಕಿತ್ಸೆ ಬೇಡ. ಮರಿಕುದುರೆಯ ಗಂಟಲ ಬಳಿ ಬಲೂನಿನಂತೆ ಮೆತ್ತಗಿನ, ನೋವಿಲ್ಲದ ಊತ ಗಾಳಿಚೀಲದಲ್ಲಿ ಗಾಳಿ ಸಿಕ್ಕಿಕೊಂಡದ್ದು. ಅದು ವೈದ್ಯರ ಕೆಲಸ, ಆದರೆ ರಾತ್ರೋರಾತ್ರಿ ಓಡಬೇಕಾದದ್ದಲ್ಲ.

ಎರಡೂ ಕಡೆ ಗಟ್ಟಿ, ಜ್ವರವಿಲ್ಲ: ಬಕೆಟ್ಟಿನಲ್ಲಿ ಏನಿದೆ ನೋಡಿ

ಕೆಲವು ವರ್ಷಗಳ ಹಿಂದೆ ಹಿರಿಯ ಟಾಂಗಾವಾಲಾ ಒಬ್ಬರು ತಮ್ಮ ಹೆಣ್ಣುಕುದುರೆ ರಾಣಿಯನ್ನು ಕರೆತಂದಿದ್ದರು. "ಮುಖ ನೋಡಿ ಡಾಕ್ಟ್ರೇ, ಎಷ್ಟು ಚೆನ್ನಾಗಿ ತುಂಬ್ಕೊಂಡಿದೆ. ಮೈ ಮಾತ್ರ ಇಳೀತಾನೇ ಇದೆ." ಏಣಿನ ಮೇಲ್ಭಾಗ ಎರಡೂ ಕಡೆ ಸಮವಾಗಿ ಉಬ್ಬಿತ್ತು. ಏಣೇ ಕೈಗೆ ಸಿಗುತ್ತಿರಲಿಲ್ಲ. ತಣ್ಣಗೆ, ಗಟ್ಟಿಯಾಗಿ, ಒತ್ತಿದರೂ ಸುಮ್ಮನೆ ನಿಂತಿತ್ತು. ಜ್ವರವಿಲ್ಲ, ಸೋರಿಕೆಯಿಲ್ಲ, ನಾತವಿಲ್ಲ. ಒಂದು ಹಲ್ಲನ್ನು ಮೆಲ್ಲಗೆ ಅಲ್ಲಾಡಿಸಿದರೆ ಕುದುರೆ ಮುಖ ಹಿಂದಕ್ಕೆಳೆದುಕೊಂಡಿತು. ಎರಡು ತಿಂಗಳ ಹಿಂದೆ ಇದೇ ಕುದುರೆ ಕುಂಟುತ್ತಾ ಬಂದಿತ್ತು. ಇವತ್ತು ಮುಂಗಾಲು, ನಾಳೆ ಹಿಂಗಾಲು. ನಾನು ಲಾಳ ನೋಡಿ, ನೋವಿನ ಔಷಧಿ ಕೊಟ್ಟು ಕಳಿಸಿದ್ದೆ. ಅವತ್ತೇ ಮೇವಿನ ಬಗ್ಗೆ ಕೇಳಿದ್ದರೆ ಆ ಎರಡು ತಿಂಗಳು ಉಳಿಯುತ್ತಿತ್ತು.

"ಸಾಹೇಬ್ರೇ, ದಿನಾ ಏನು ಹಾಕ್ತೀರಿ?"

"ಬೆಳಿಗ್ಗೆ ಸಂಜೆ ಎರಡೆರಡು ಕೆಜಿ ಗೋಧಿ ಬೂಸ, ಬೆಲ್ಲದ ನೀರಲ್ಲಿ ಕಲಸಿ. ತಂಪು ಅಂತ ನಮ್ಮಪ್ಪನ ಕಾಲದಿಂದ. ಮೇಲೆ ನೇಪಿಯರ್ ಹುಲ್ಲು."

ಉತ್ತರ ಆ ಬಕೆಟ್ಟಿನಲ್ಲಿತ್ತು. ಒಂದು ಕೆಜಿ ಗೋಧಿ ಬೂಸದಲ್ಲಿ ರಂಜಕ ಸುಮಾರು 10ರಿಂದ 12 ಗ್ರಾಂ, ಕ್ಯಾಲ್ಸಿಯಂ ಒಂದೂವರೆ ಗ್ರಾಂ ಮುಟ್ಟಿದರೆ ಹೆಚ್ಚು. ಅಕ್ಕಿ ತೌಡಿನದೂ ಇದೇ ಕತೆ. ಕೆಲಸವಿಲ್ಲದ 500 ಕೆಜಿ ಕುದುರೆಗೆ ದಿನಕ್ಕೆ ಬೇಕಾದ್ದು ಸುಮಾರು 20 ಗ್ರಾಂ ಕ್ಯಾಲ್ಸಿಯಂ, 14 ಗ್ರಾಂ ರಂಜಕ. ಅಂದರೆ ಕ್ಯಾಲ್ಸಿಯಂ ಯಾವಾಗಲೂ ರಂಜಕಕ್ಕಿಂತ ಹೆಚ್ಚಿರಬೇಕು, ಒಂದೂವರೆ ಪಟ್ಟು ಇದ್ದರೆ ಚೆನ್ನ. ರಾಣಿ ಬೂಸದಿಂದಲೇ 40 ಗ್ರಾಂ ಮೀರಿ ರಂಜಕ ತಿನ್ನುತ್ತಿತ್ತು. ಹೆಚ್ಚಾದ ರಂಜಕ ಕರುಳಿನಲ್ಲಿ ಕ್ಯಾಲ್ಸಿಯಂ ಹೀರದಂತೆ ಮಾಡುತ್ತದೆ. ನೇಪಿಯರ್ ಹುಲ್ಲಿನ ಆಕ್ಸಲೇಟ್ ಇದ್ದ ಸ್ವಲ್ಪವನ್ನೂ ಕಟ್ಟಿಹಾಕುತ್ತದೆ. ಹಸುವಿನ ಹೊಟ್ಟೆಯ ಸೂಕ್ಷ್ಮಾಣುಗಳು ಆಕ್ಸಲೇಟನ್ನು ಒಡೆಯಬಲ್ಲವು, ಅದಕ್ಕೇ ಅದೇ ಹುಲ್ಲು ತಿಂದ ಪಕ್ಕದ ಕೊಟ್ಟಿಗೆಯ ಹಸುವಿಗೆ ಏನೂ ಆಗುವುದಿಲ್ಲ. ಕುದುರೆಗೆ ಆ ಅನುಕೂಲವಿಲ್ಲ. ರಕ್ತಕ್ಕೆ ಬೇಕಾದ ಕ್ಯಾಲ್ಸಿಯಂ ಅನ್ನು ದೇಹ ಮೂಳೆಯಿಂದ ತೆಗೆಯುತ್ತದೆ, ಖಾಲಿಯಾದ ಮೂಳೆಯಲ್ಲಿ ನಾರು ತುಂಬಿಕೊಳ್ಳುತ್ತದೆ. ಮುಖದ ಮೂಳೆಯಲ್ಲಿ ಅದು ಎದ್ದು ಕಾಣುತ್ತದೆ. ಹಿಂದೆ ಯುರೋಪಿನಲ್ಲಿ ಇದನ್ನು ಗಿರಣಿಯವರ ಕುದುರೆ ರೋಗ ಎನ್ನುತ್ತಿದ್ದರು. ಬೂಸ ಕೈಗೆ ಸಿಗುವವರು ಬೂಸವನ್ನೇ ಹಾಕುತ್ತಿದ್ದರು.

ಕಿರಿಯ ವೈದ್ಯರು ಇಲ್ಲಿ ಎಡವುವುದು ರಕ್ತಪರೀಕ್ಷೆಯಲ್ಲಿ. ಕ್ಯಾಲ್ಸಿಯಂ ಸಹಜವಾಗಿಯೇ ಬಂದಿರುತ್ತದೆ, ಮೂಳೆಯನ್ನು ಕರಗಿಸಿ ದೇಹ ಅದನ್ನು ಹಾಗೆ ಉಳಿಸಿಕೊಂಡಿರುತ್ತದೆ. ಮೂತ್ರದಲ್ಲಿ ರಂಜಕ ಎಷ್ಟು ಹೋಗುತ್ತಿದೆ ಎಂಬುದು ಹೆಚ್ಚು ಹೇಳುತ್ತದೆ. ಎಕ್ಸ್‌ರೇಯಲ್ಲಿ ಕಾಣಬೇಕಾದರೆ ಮೂಳೆಯ ಖನಿಜ 30 ಶೇಕಡಾದಷ್ಟು ಹೋಗಿರಬೇಕು. ಎಲ್ಲಕ್ಕಿಂತ ಬೇಗ ತಿಳಿಸುವುದು ಮೇವಿನ ಲೆಕ್ಕ.

ಬೂಸ ಪೂರ್ತಿ ನಿಲ್ಲಿಸಿದೆವು. ನೇಪಿಯರ್ ಬದಲು ಗರಿಕೆ, ಜೊತೆಗೆ ಕುದುರೆ ಮೆಂತೆ. ಹೆಸರಲ್ಲೇ ಕುದುರೆ ಇರುವ ಈ ಮೇವಿನಲ್ಲಿ ಕ್ಯಾಲ್ಸಿಯಂ ರಂಜಕಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಮೇಲೆ ದಿನಕ್ಕೆ 60 ಗ್ರಾಂ ಸುಣ್ಣಕಲ್ಲಿನ ಪುಡಿ, ಅಂದರೆ ಪಶು ಆಹಾರಕ್ಕೆಂದೇ ಮಾರುವ ಕ್ಯಾಲ್ಸಿಯಂ ಕಾರ್ಬೊನೇಟ್. ಎಲೆಅಡಿಕೆಗೆ ಹಚ್ಚುವ ಸುಣ್ಣ ಅಲ್ಲ, ಅದು ಬಾಯಿ ಸುಡುತ್ತದೆ. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಪುಡಿಯ ಪೊಟ್ಟಣ ಕೈಯಲ್ಲಿ ಕೊಟ್ಟೇ ತೋರಿಸಿದೆ. ಮೂಳೆ ಟೊಳ್ಳಾದ ಕುದುರೆ ಭಾರ ಎಳೆದರೆ ಕಾಲು ಮುರಿಯಬಹುದು, ಹಾಗಾಗಿ ಗಾಡಿ ಕಟ್ಟುವುದನ್ನು ನಾಲ್ಕು ತಿಂಗಳು ಬಿಡಿಸಬೇಕಾಯಿತು. ದಸರೆಯ ದುಡಿಮೆ ಕಳೆದುಕೊಳ್ಳಲು ಒಪ್ಪಿದ ಆ ಹಿರಿಯರ ಮುಖ ನನಗೆ ಇನ್ನೂ ಕಣ್ಣ ಮುಂದಿದೆ.

ಆರು ವಾರದಲ್ಲಿ ಕುಂಟು ಹೋಯಿತು. ಹಲ್ಲು ಬಿಗಿಯಾಗಿ ಮೇವು ಚೆನ್ನಾಗಿ ಜಗಿಯತೊಡಗಿತು. ಮುಖದ ಉಬ್ಬು ಒಂದು ವರ್ಷದಲ್ಲಿ ಸ್ವಲ್ಪ ತಗ್ಗಿತು, ಪೂರ್ತಿ ಹೋಗಲಿಲ್ಲ. ಅಷ್ಟು ಮುಂದುವರಿದ ಮೇಲೆ ಹೋಗುವುದೂ ಇಲ್ಲ.

ಅವರ ಲಾಯದಲ್ಲಿ ಇನ್ನೊಂದು ಕುದುರೆಯೂ ಇತ್ತು, ಅದೇ ಬಕೆಟ್ಟಿನಿಂದ ತಿನ್ನುತ್ತಿದ್ದದ್ದು. ಅದರ ಮುಖ ಚೂರೂ ಊದಿರಲಿಲ್ಲ. ಹೊರಗೆ ನಡೆಸಿ ನೋಡಿದೆ; ಹೆಜ್ಜೆ ಗಿಡ್ಡವಾಗಿತ್ತು, ತಿರುಗುವಾಗ ಬೆನ್ನು ಬಿಗಿಹಿಡಿಯುತ್ತಿತ್ತು. ಅದರ ಬೂಸವನ್ನೂ ಅವತ್ತೇ ನಿಲ್ಲಿಸಿದೆವು.